‘ಸಬ್ಡಕ್ಷನ್’ಗೆ ಕನ್ನಡದಲ್ಲಿ ಏನನ್ನುತ್ತೀರಿ?

ಭೂಕಂಪದ ಬಗ್ಗೆ ಬರೆಯುವಾಗ ‘ಸಬ್ಡಕ್ಷನ್ ವಲಯ’ಕ್ಕೆ, ಅಂದರೆ ಒಂದು ಭೂಫಲಕ (ಭೂಮಿಯ ಹೊರಪದರದ ಭಾರಿ ತುಂಡು) ಇನ್ನೊಂದರ ಅಡಿಗೆ ಇಳಿಯುವ ಜಾಗಕ್ಕೆ, ನೀವು ಯಾವ ಪದ ಬಳಸುತ್ತೀರಿ? ‘ಅಧೋಗಮನ ವಲಯ’ ಅಂದರೆ ಓದುವವರು ಅಲ್ಲೇ ತಡವರಿಸುತ್ತಾರೆ. ‘ಮುಳುಗಡೆ ವಲಯ’ ಅಂದರೆ ಅಣೆಕಟ್ಟಿನ ಹಿನ್ನೀರು ಕಣ್ಮುಂದೆ ಬರುತ್ತದೆ, ಅಲ್ವಾ? ‘ಜಾರುವಲಯ’ ಕೇಳಲು ಚೆಂದ. ಆದರೆ ನನ್ನ ದೊಡ್ಡ ತಕರಾರು ಇರುವುದೇ ಅದರ ಮೇಲೆ.

ಒಂದು ಭೂಫಲಕ ಇನ್ನೊಂದರ ಅಡಿಗೆ ಹೋಗುವುದೇನೋ ನಿಜ. ಆದರೆ ಸಲೀಸಾಗಿ ಜಾರಿಕೊಂಡು ಹೋಗಿದ್ದರೆ ದೊಡ್ಡ ಕಂಪನವೇ ಆಗುತ್ತಿರಲಿಲ್ಲ. ಎರಡೂ ಒಂದನ್ನೊಂದು ಕಚ್ಚಿಕೊಂಡು ನಿಲ್ಲುತ್ತವೆ. ಕೆಳಗಿನದು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಲೇ ಇರುತ್ತದೆ. ಮೇಲಿನದರ ಅಂಚು ಅದರ ಎಳೆತಕ್ಕೆ ಸಿಕ್ಕಿ ಬಾಗುತ್ತದೆ. ನೂರಾರು ವರ್ಷ ಹೀಗೇ. ಯಾವತ್ತೋ ಒಂದು ದಿನ ಹಿಡಿತ ತಪ್ಪುತ್ತದೆ, ಬಾಗಿದ್ದ ಅಂಚು ಚಿಮ್ಮುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಓಶಿಕಾ ಪರ್ಯಾಯದ್ವೀಪ ಪೂರ್ವಕ್ಕೆ ಸುಮಾರು 5.3 ಮೀಟರ್ ಸರಿದು, 1.2 ಮೀಟರ್ ಕುಸಿಯಿತು. ಅತ್ತ ಕಂದಕದ (ಕೆಳಗಿನ ಫಲಕ ಇಳಿಯತೊಡಗುವಲ್ಲಿನ ಕಡಲತಳದ ಆಳದ ತಗ್ಗಿನ) ಹತ್ತಿರ ಕಡಲತಳ ಮೇಲೆದ್ದಿತು. ಸುನಾಮಿ ಹುಟ್ಟಿದ್ದು ಅಲ್ಲೇ.

ಇಷ್ಟು ದೊಡ್ಡ ಕಂಪನ ಇಂಥ ವಲಯಗಳಲ್ಲೇ ಯಾಕೆ? ಹಿಡಿತದ ಅಗಲ ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಥರದ, ನೆಟ್ಟಗೆ ಇಳಿದ ಬಿರುಕಿನಲ್ಲಿ ಬಂಡೆಗಳು ಕಚ್ಚಿಕೊಳ್ಳುವುದು ಮೇಲಿನ 15-20 ಕಿ.ಮೀ. ಮಾತ್ರ. ಅದಕ್ಕಿಂತ ಕೆಳಗೆ ಬಿಸಿ ಜಾಸ್ತಿ, ಬಂಡೆ ಮುರಿಯುವ ಬದಲು ಮೆಲ್ಲಗೆ ಹರಿಯುತ್ತದೆ. ಇಲ್ಲಿ ಹಾಗಲ್ಲ. ಫಲಕ ಓರೆಯಾಗಿ ಇಳಿಯುತ್ತದೆ, ಸಾಕಷ್ಟು ಆಳದವರೆಗೆ ತಣ್ಣಗೇ ಇರುತ್ತದೆ. ಕಚ್ಚಿದ ಪಟ್ಟಿ 100 ಕಿ.ಮೀ. ದಾಟಿ ಹರಡಿಕೊಳ್ಳುವುದುಂಟು. ಉದ್ದವಂತೂ ಕೇಳಲೇಬೇಡಿ: 2004ರ ಡಿಸೆಂಬರ್ 26ರಂದು ಸುಮಾತ್ರದಿಂದ ಅಂಡಮಾನಿನವರೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೂ ಹಿಡಿತ ಬಿಟ್ಟುಕೊಂಡಿತು. ಉಪಕರಣಗಳು ದಾಖಲಿಸಿದ ಅತಿ ದೊಡ್ಡ ಭೂಕಂಪ, 1960ರ ಚಿಲಿಯ 9.5 ಪ್ರಮಾಣದ್ದು, ಅದೂ ಇದೇ ಜಾತಿಯದು.

ಹಾಗಾಗಿ ನನ್ನ ಒಲವು ‘ಅಡಿನುಗ್ಗು ವಲಯ’ದ ಕಡೆಗೆ. ನುಗ್ಗುವುದು ಅಂದಾಗ ಬಲವೂ ಬರುತ್ತದೆ, ಎದುರಿಗೊಂದು ತಡೆ ಇರುವ ಸೂಚನೆಯೂ ಬರುತ್ತದೆ. ಕಚ್ಚಿಕೊಂಡ ಭಾಗಕ್ಕೆ ಬೇರೆಯಾಗಿ ‘ಕಚ್ಚುಪಟ್ಟಿ’ ಅನ್ನಬಹುದೇನೋ. ಪಾಠದ ಪುಸ್ತಕಕ್ಕೆ ಇವು ತೀರಾ ಒರಟಾದವೇ? ಇದಕ್ಕಿಂತ ಹಗುರವಾದ ಪದ ಯಾರಾದರೂ ಬಳಸಿದ್ದರೆ, ಬಳಸಿದ ವಾಕ್ಯವನ್ನೂ ಸೇರಿಸಿ ತಿಳಿಸಿ.