ಬ್ರಿಕ್ಸ್ ಅಂದರೆ "ಸಕ್ಕರೆ ಅಂಶ"ವೇ? ಹುಳಿಯ ಎರಡು ಅಳತೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಕೆಲವು ಹೆಂಗಸರು ಸೇರಿ ನಿಂಬೆ ಮತ್ತು ಮುರುಗಲು ಸ್ಕ್ವಾಷ್ ಮಾಡುತ್ತಾರೆ (ಮುರುಗಲು ಅಂದರೆ ಮಂಗಳೂರು ಕಡೆಯವರ ಪುನರ್ಪುಳಿ). ಅವರಿಗಾಗಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲನೆಯದು ಬ್ರಿಕ್ಸ್, ರಸದಲ್ಲಿ ಸಕ್ಕರೆ ಮುಂತಾದ್ದು ಎಷ್ಟು ಕರಗಿದೆ ಅಂತ ಹೇಳುವ ಅಳತೆ. "ಸ್ಕ್ವಾಷ್ 45 ಡಿಗ್ರಿ ಬ್ರಿಕ್ಸ್ ಇರಲಿ" ಅಂತ ಬರೆದಿದ್ದೆ. ಓದಿದ ಒಬ್ಬರು "ಬಿಸಿ ಮಾಡಿಯೇ ನೋಡಬೇಕಾ?" ಅಂದರು. ತಪ್ಪು ಅವರದ್ದಲ್ಲ, ಡಿಗ್ರಿ ಅಂದರೆ ನಮಗೆ ಜ್ವರ, ಬಿಸಿಲು, ಇಲ್ಲಾ ಬಿಎ. ಸರಿ, "ಸಕ್ಕರೆ ಅಂಶ" ಅಂತ ತಿದ್ದಿದೆ. ಈಗ ಅದೂ ಚುಚ್ಚುತ್ತಿದೆ. 100 ಗ್ರಾಂ ಸಕ್ಕರೆ ನೀರಿನಲ್ಲಿ 1 ಗ್ರಾಂ ಸಕ್ಕರೆ ಇದ್ದರೆ 1 ಬ್ರಿಕ್ಸ್, ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಬ್ರಿಕ್ಸ್ ನೋಡುವ ಉಪಕರಣ ರಿಫ್ರಾಕ್ಟೋಮೀಟರಿಗೆ ಸಕ್ಕರೆ ಯಾವುದು ಉಪ್ಪು ಯಾವುದು ಗೊತ್ತಾಗಲ್ಲ, ಕರಗಿದ್ದೆಲ್ಲ ಸೇರಿ ಬೆಳಕನ್ನು ಎಷ್ಟು ಬಾಗಿಸಿತು ಅನ್ನೋದಷ್ಟೇ ಅದರ ಲೆಕ್ಕ. ಬರೀ ನಿಂಬೆರಸದ ಹನಿ ಹಾಕಿದರೂ 7–8 ತೋರಿಸುತ್ತದೆ, ಅದರಲ್ಲಿ ಜಾಸ್ತಿ ಪಾಲು ಸಿಟ್ರಿಕ್ ಆಮ್ಲ! ಅದನ್ನು ಸಕ್ಕರೆ ಅನ್ನೋದು ಹೇಗೆ? "ವಿಲೇಯ ಘನಾಂಶ" ಅಂತ ಬರೆದರೆ ಕೈಪಿಡಿ ಮುಚ್ಚಿಡುತ್ತಾರೆ. "ಕರಗಿದ ಅಂಶ" ನಡೆಯುತ್ತದಾ?

ಎರಡನೆಯದು ಇನ್ನೂ ಗೋಜಲು. ರಸದಲ್ಲಿ ಒಟ್ಟು ಆಮ್ಲ ಶೇಕಡಾ ಎಷ್ಟಿದೆ ಅಂತ ಟೈಟ್ರೇಶನ್ ಮಾಡಿ (ಅಂದರೆ ಆಮ್ಲ ಮುಗಿಯುವ ತನಕ ಕ್ಷಾರವನ್ನು ಅಳೆದು ಹನಿಹನಿಯಾಗಿ ಬಿಟ್ಟು) ನೋಡುವುದು ಒಂದು ಅಳತೆ, ಆಮ್ಲ ಎಷ್ಟು ತೀಕ್ಷ್ಣ ಅಂತ ತೋರಿಸುವ ಪಿಎಚ್ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ "ಆಮ್ಲೀಯತೆ" ಅಂತಲೇ ಬರೆಯುವುದನ್ನು ನೋಡಿದ್ದೇನೆ. ಮುರುಗಲು ರಸ ಮೊದಲೇ ಕಡುಕೆಂಪು, ಅದರಲ್ಲಿ ಆಮ್ಲ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಫಿನಾಲ್ಫ್ತಲೀನ್ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಕಾಣಲ್ಲ, ಹಾಗಾಗಿ ಪಿಎಚ್ ಮೀಟರ್ ಇಟ್ಟು 8.2 ಬರುವ ತನಕ ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಬಿಡುತ್ತಾರೆ. ಇದನ್ನು ಆ ಕನ್ನಡದಲ್ಲಿ ಬರೆದರೆ "ಆಮ್ಲೀಯತೆ ತಿಳಿಯಲು ಆಮ್ಲೀಯತೆ 8.2 ಆಗಬೇಕು" ಅಂತಾಗುತ್ತದೆ, ನನಗೇ ನಗು ಬಂತು. ಅದೂ ಅಲ್ಲದೆ ಆಮ್ಲ ಹಾಕಿದಷ್ಟೂ ಪಿಎಚ್ ಇಳಿಯುತ್ತದಲ್ವಾ, "ಆಮ್ಲೀಯತೆ ಕಡಿಮೆಯಾಯಿತು" ಅಂದರೆ ಯಾವುದು ಅಂತ ತಿಳಿಯೋದು?

ಪಿಎಚ್ ಹಾಗೇ ಇರಲಿ, ಒಟ್ಟು ಆಮ್ಲದ ಅಳತೆಗೆ "ಹುಳಿ ಅಂಶ" ಅನ್ನೋಣ ಅಂದುಕೊಂಡೆ. ಆದರೆ ದೋಸೆ ಹಿಟ್ಟು ಹುಳಿ ಬಂತು ಅನ್ನುವ ಮನೆಯಲ್ಲಿ "ರಸದ ಹುಳಿ ಜಾಸ್ತಿಯಾಗಿದೆ" ಅಂದರೆ ಕೆಟ್ಟಿದೆ ಅಂತ ಚೆಲ್ಲಿಬಿಟ್ಟಾರು. ಮನೆಯಲ್ಲೇ ಜ್ಯೂಸ್, ಸ್ಕ್ವಾಷ್ ಮಾಡುವವರು ಇಲ್ಲಿದ್ದರೆ ಹೇಳಿ, ನಿಮ್ಮ ಕಡೆ ಹಣ್ಣಿನ ಹುಳಿಗೂ ಹುದುಗಿ ಬಂದ ಹುಳಿಗೂ ಬೇರೆ ಬೇರೆ ಮಾತಿದೆಯಾ?