ಆಪರೇಷನ್ ಆದಮೇಲೂ ಮೂಗು ಸೊಟ್ಟ, ಉಸಿರಾಟವೂ ಕಷ್ಟ. ಅನುಭವ ಇದ್ದವರು ಹೇಳಿ

ಸೆಪ್ಟಮ್, ಅಂದರೆ ಮೂಗಿನ ನಡುಗೋಡೆ ಡೊಂಕಾಗಿದೆ ಅಂತ ಆಪರೇಷನ್ ಮಾಡಿಸಿ 7 ತಿಂಗಳಾಯಿತು. ಮೂಗು ಈಗಲೂ ಎಡಕ್ಕೆ ವಾಲಿದೆ. ಬಲಗಡೆ ಸದಾ ಕಟ್ಟಿರುತ್ತದೆ. ರಾತ್ರಿಯಿಡೀ ಬಾಯಲ್ಲೇ ಉಸಿರು. ಮತ್ತೆ ಆಪರೇಷನ್ ಬೇಕಾಗುತ್ತಾ?

ಉತ್ತರ 1: ನನಗೆ ಎರಡು ಸಲ ಆಗಿದೆ. ಮೊದಲ ಸಲ ಆಗಿದ್ದು ಬರೀ ಸೆಪ್ಟೋಪ್ಲಾಸ್ಟಿ. ಅದರಲ್ಲಿ ಒಳಗಿನ ಗೋಡೆ ಮಾತ್ರ ಸರಿ ಮಾಡುತ್ತಾರೆ, ಹೊರಗಿನ ಮೂಳೆ ಮುಟ್ಟುವುದಿಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಕನ್ನಡಿ ನೋಡಿಕೊಂಡು ಡಾಕ್ಟರನ್ನು ಸುಮ್ನೆ ಬೈಯುತ್ತಿದ್ದೆ! ನಿಮಗೆ ನಿಜವಾಗಿ ಏನು ಮಾಡಿದ್ದಾರೆ ಅಂತ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೊದಲು ನೋಡಿ.

ಇನ್ನೊಂದು, ಬಲಗೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಕಿವಿಯ ಕಡೆಗೆ ಎಳೆದು ಉಸಿರು ತೆಗೆದುಕೊಳ್ಳಿ. ಸಲೀಸಾದರೆ ನೇಸಲ್ ವಾಲ್ವ್ ಹತ್ತಿರ ಜಾಗ ಸಾಲುತ್ತಿಲ್ಲ ಅನ್ನುವ ಅನುಮಾನ. ಮೂಗಿನೊಳಗೆ ತೀರಾ ಇಕ್ಕಟ್ಟಾದ ಜಾಗ ಅದು. ಕೆಲವರಿಗೆ ತೊಂದರೆ ಇಲ್ಲದಿದ್ದರೂ ಎಳೆದಾಗ ಹಾಯೆನಿಸುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ. ನನಗೆ ಜೋರಾಗಿ ಉಸಿರೆಳೆದರೆ ಹೊಳ್ಳೆಯೇ ಒಳಕ್ಕೆ ಅಂಟಿಕೊಳ್ಳುತ್ತಿತ್ತು. ಊತ ಪೂರ್ತಿ ಇಳಿದು ಗಾಯ ಮಾಗಲಿ ಅಂತ ಒಂದು ವರ್ಷ ಕಾಯಿಸಿದರು. ಆಮೇಲೆ ಕಿವಿಯಿಂದ ಮೃದ್ವಸ್ಥಿ ತೆಗೆದು ಆಸರೆಗೆ ಇಟ್ಟರು, ಸೆಪ್ಟಮ್‌ನಲ್ಲಿ ತೆಗೆಯುವಷ್ಟು ಉಳಿದಿರಲಿಲ್ಲ. ಈಗ ಉಸಿರಾಟ ಚೆನ್ನಾಗಿದೆ. ಮೂಗು ಇನ್ನೂ ಒಂಚೂರು ಸೊಟ್ಟ. ಫೋಟೋದಲ್ಲಿ ನನಗೆ ಮಾತ್ರ ಕಾಣುತ್ತದೆ, ಇರಲಿ ಬಿಡಿ.

ಉತ್ತರ 2: ಆಪರೇಷನ್ ಅಂತ ಓಡುವ ಮೊದಲು ಅಲರ್ಜಿ ಇದೆಯಾ ನೋಡಿಸಿ. ನನ್ನ ಗೋಡೆ ನೆಟ್ಟಗೇ ಕೂತಿತ್ತು, ಪಕ್ಕದ ಟರ್ಬಿನೇಟ್, ಅಂದರೆ ಹೊಳ್ಳೆಯ ಒಳಗೆ ಪಕ್ಕಗೋಡೆಯಲ್ಲಿರುವ ಉಬ್ಬು, ಊದಿಕೊಂಡು ದಾರಿ ಮುಚ್ಚಿತ್ತು. ಸ್ಟೀರಾಯ್ಡ್ ಸ್ಪ್ರೇಯನ್ನು ದಿನಾ ತಪ್ಪದೆ ಹಾಕಿದ ಮೇಲೆ ಕಡಿಮೆಯಾಯಿತು. ತಕ್ಷಣ ಮೂಗು ಬಿಡಿಸುವ ಡ್ರಾಪ್ಸ್ ಮಾತ್ರ ಜಾಸ್ತಿ ದಿನ ಬೇಡ. ನಾನು ತಿಂಗಳುಗಟ್ಟಲೆ ಹಾಕಿದೆ, ಕೊನೆಗೆ ಅದರಿಂದಲೇ ಮೂಗು ಕಟ್ಟತೊಡಗಿತು.

ಉತ್ತರ 3: ಉಸಿರಾಡುವಾಗ ಸಿಳ್ಳೆ ಶಬ್ದ, ಪದೇ ಪದೇ ರಕ್ತ, ಹಕ್ಕಳೆ ಇದ್ದರೆ ಒಂದು ವರ್ಷ ಕಾಯಬೇಡಿ. ನನಗೆ ಗೋಡೆಯಲ್ಲಿ ತೂತಾಗಿತ್ತು, ಎಂಡೋಸ್ಕೋಪಿಯಲ್ಲಿ ಗೊತ್ತಾಯಿತು. ಮೊದಲು ಮಾಡಿದವರ ಹತ್ತಿರ ಹೋಗಲು ಮುಜುಗರವಾದರೆ ಬೇರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಹಳೆಯ ಸಿಟಿ ಸ್ಕ್ಯಾನ್, ಆಪರೇಷನ್‌ಗಿಂತ ಮುಂಚಿನ ಫೋಟೋ ತೆಗೆದುಕೊಂಡು ಹೋಗಿ.

ಪ್ರಶ್ನೆ ಕೇಳಿದವರು: ಕೆನ್ನೆ ಎಳೆದು ನೋಡಿದೆ, ಬಲಗಡೆ ಗಾಳಿ ಸರಾಗವಾಗಿ ಹೋಯಿತು! ಸಿಳ್ಳೆ, ರಕ್ತ ಏನೂ ಇಲ್ಲ. ಡಿಸ್ಚಾರ್ಜ್ ಸಮ್ಮರಿ ಎಲ್ಲಿಟ್ಟೆನೋ, ಹುಡುಕುತ್ತಿದ್ದೇನೆ.