ಹೊಳೆ ಬಂದಾಗ ದನ ಹೊರಡಿಸುವುದು ಹೇಗೆ?

ಕೃಷ್ಣಾ ತೀರದ ರೈತ: 2019ರ ಆಗಸ್ಟಿನಲ್ಲಿ ಹೊಳೆ ಕೊಟ್ಟಿಗೆಗೆ ನುಗ್ಗಿದಾಗ ಎತ್ತುಗಳ ಹಗ್ಗ ನೆನೆದು ಗಂಟು ಬಿಗಿದಿತ್ತು, ಕುಡುಗೋಲಿನಿಂದ ಕೊಯ್ದೆ. ಎಮ್ಮೆಯಂತೂ ಕರುವನ್ನು ಬಿಟ್ಟು ಕದಲಲೇ ಇಲ್ಲ. ಈ ಸಲ ಮೊದಲೇ ಏನು ಮಾಡಿಕೊಳ್ಳಲಿ?

ಪಶುವೈದ್ಯೆ: ಮಳೆಗಾಲಕ್ಕೆ ಮುಂಚೆ ಗಳಲೆ ರೋಗದ (ಗಂಟಲು ಊದಿ ಉಸಿರು ಕಟ್ಟುವ ಬೇನೆ) ಲಸಿಕೆ ಹಾಕಿಸಿ. ನೀರಿಳಿದ ಮೇಲೆ ಬೂಷ್ಟು ಹಿಡಿದ ಮೇವು ಬೇಡವೇ ಬೇಡ. ಪಶು ಆಂಬುಲೆನ್ಸ್‌ಗೆ 1962ಕ್ಕೆ ಕರೆ ಮಾಡಿ, ಆದರೆ ರಸ್ತೆ ಮುಳುಗುವ ಮೊದಲು!

ಹಳೆಯ ಗೌಳಿ: ಅಣ್ಣಾ, ಕರುವನ್ನು ಮುಂದೆ ನಡೆಸಿ, ಎಮ್ಮೆ ತಾನೇ ಬೆನ್ನು ಹತ್ತುತ್ತದೆ. ರಾತ್ರಿ ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ.

ಕೃಷ್ಣಾ ತೀರದ ರೈತ: ಕರು ಮುಂದೆ! ನಾನು ಅರ್ಧ ಗಂಟೆ ಎಮ್ಮೆಯನ್ನೇ ಜಗ್ಗಿದ್ದೆ.